ಅತ್ತೆಯ ಗಂಟಿಗೆ ಊಟ

ನಮ್ಮತ್ತೆಯ ಹೊಟ್ಟೆಯೊಳಗಿನ ಗಂಟಿಗೆ ನಾನು ಊಟ ಹಾಕುತ್ತಿದ್ದೆ. ಕೇಳಿದವರು ಹುಬ್ಬೇರಿಸುತ್ತಾರೆ, ಏರಿಸಲಿ. ಕ್ಯಾನ್ಸರ್ ಜೀವಕೋಶಗಳನ್ನು ಬೆಳೆಸುವ ಪ್ರಯೋಗಾಲಯದಲ್ಲಿ ನನಗೆ ಕೆಲಸ. ಅತ್ತೆಯ ಕರುಳಿನ ಗಂಟು ಲಿವರ್‌ಗೂ ಹಬ್ಬಿತ್ತು, ಮೊದಲು ಕೊಟ್ಟ ಔಷಧಿ ನಾಟಿರಲಿಲ್ಲ. ಇನ್ನೊಂದು ತಪ್ಪು ಔಷಧಿ ತಡೆದುಕೊಳ್ಳುವ ತ್ರಾಣ ಅವರಲ್ಲಿಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದ್ದರು. ಅದಕ್ಕೇ ಗಂಟಿನಿಂದ ಕಾಳಿನಷ್ಟು ಚೂರು ತೆಗೆದು ನಮ್ಮಲ್ಲಿಗೆ ಕಳಿಸಿದರು. ಅದನ್ನು ದೇಹದ ಹೊರಗೆ ಬೆಳೆಸಬೇಕು, ಬೆಳೆದದ್ದರ ಮೇಲೆ ಬೇರೆ ಬೇರೆ ಔಷಧಿ ಹಾಕಬೇಕು, ಯಾವುದಕ್ಕೆ ಸಾಯುತ್ತದೆ ಎಂದು ನೋಡಬೇಕು. ಅದು ಬೆಳೆಯದಿದ್ದರೆ ಡಾಕ್ಟರು ಮಾಡುವುದೆಲ್ಲ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

"ಇದನ್ನ ಬೇರೆಯವರು ನೋಡ್ಕೊಳ್ಳಲಿ. ನಿನಗೆ ಕಷ್ಟ ಆಗುತ್ತೆ," ಎಂದರು ಪ್ರಯೋಗಾಲಯದ ಮುಖ್ಯಸ್ಥೆ, ನಮ್ಮ ಮೇಡಂ.

"ಬೇರೆಯವರ ಕೈಗೆ ಕೊಟ್ಟು ನಾನೇನು ನೊಣ ಹೊಡೀತಾ ಕೂತಿರಲಾ?" ಎಂದೆ.

ನನ್ನ ಬಾಯಿ ಅವರಿಗೆ ಗೊತ್ತು. ಕೊನೆಯ ಫಲಿತಾಂಶವನ್ನು ಮಾತ್ರ ಬೇರೆಯವರೇ ಓದಬೇಕು ಎಂದು ಷರತ್ತು ಹಾಕಿ ಬಿಟ್ಟುಬಿಟ್ಟರು.

ಚೂರನ್ನು ಬಿಡಿಸಿ, ಪುಟ್ಟ ತಟ್ಟೆಯೊಂದರಲ್ಲಿ ಮೆತ್ತನೆಯ ಜೆಲ್ಲಿನ ಹನಿಗಳಲ್ಲಿ ಕೂರಿಸಿ, ಮೇಲೆ ಕೆಂಬಣ್ಣದ ಪೋಷಕ ದ್ರವ ಹಾಕಿದೆ. ಅದೇ ಅದರ ಊಟ. ಹೊಸದಾಗಿ ಬಂದದ್ದನ್ನು ಬೇರೆ ತಟ್ಟೆಗಳ ಜೊತೆ ಸೇರಿಸುವುದಿಲ್ಲ, ಅದಕ್ಕೇ ಒಂದು ಪುಟ್ಟ ಇನ್‌ಕ್ಯುಬೇಟರ್ ಇದೆ, ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆ. ಅತ್ತೆಯನ್ನು ತಿನ್ನುತ್ತಿರುವ ಆ ದರಿದ್ರವನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಹಸುಗೂಸಿಗೆ ಹಾಲು ಕುಡಿಸುವವರಂತೆ, ದ್ರವ ತಣ್ಣಗಿಲ್ಲ ತಾನೇ ಎಂದು ನೋಡಿಯೇ ಹಾಕುತ್ತಿದ್ದೆ.

ಅತ್ತೆ ಟೈಲರ್. ಕಾಯಿಲೆ ಬಿದ್ದ ಮೇಲೂ ಹೊಲಿಗೆ ಮೆಷಿನ್ನನ್ನು ಮಂಚದ ಪಕ್ಕಕ್ಕೇ ಎಳೆಸಿಕೊಂಡಿದ್ದರು. ನಾನು ಮನೆಗೆ ಬಂದ ತಕ್ಷಣ ಕೇಳುವವರು.

"ಏನಮ್ಮಾ, ನನ್ನ ಗಂಟಿಗೆ ಊಟ ಆಯ್ತಾ?"

"ಆಯ್ತು ಅತ್ತೆ."

"ಅದಕ್ಕೆ ರಾಜೋಪಚಾರ. ನನಗೆ ಮಾತ್ರ ಉಪ್ಪಿಲ್ಲದ್ದು."

ಇಷ್ಟೆಲ್ಲ ಮಾಡಿದರೂ ಗಂಟು ಬೆಳೆಯಲಿಲ್ಲ. ಹನಿಯೊಳಗೆ ಪುಡಿಪುಡಿಯಾಗಿ, ಮಂಕಾಗಿ ಕೂತಿತ್ತು. ದ್ರವ ಬದಲಿಸಿದೆ, ಬೈದೆ, ಬೇಡಿಕೊಂಡೆ. ಒಂದು ದಿನ ಮೇಡಂ ಬಂದು ಪೆಟ್ಟಿಗೆಯ ಬಾಗಿಲಿಗೆ ಕೈ ಅಡ್ಡ ಇಟ್ಟರು.

"ಬೆಳಗಿಂದ ಎಷ್ಟು ಸಲ ತೆಗೆದೆ?"

ಲೆಕ್ಕ ಇಟ್ಟಿರಲಿಲ್ಲ. ಬಾಗಿಲು ತೆಗೆದಾಗಲೆಲ್ಲ ಒಳಗಿನ ಬಿಸಿ ಹೋಗುತ್ತದೆ, ಅಳತೆಯಲ್ಲಿ ತುಂಬಿಸಿದ ಗಾಳಿ ಹೋಗುತ್ತದೆ. ಹೊಸಬರಿಗೆ ಮೊದಲ ದಿನವೇ ನಾನು ಹೇಳಿಕೊಡುವ ಪಾಠ ಅದು.

"ಬೆಳೀತಾ ಇದೆಯಾ ಅಂತ ನೋಡೀ ನೋಡೀ, ಅದನ್ನ ಬೆಳೆಯೋಕೇ ಬಿಡ್ತಾ ಇಲ್ಲ ನೀನು. ಸೋಮವಾರದ ತನಕ ಮುಟ್ಟಬೇಡ."

ಮುಖ ಊದಿಸಿಕೊಂಡು ಮನೆಗೆ ಬಂದೆ. ಅಲ್ಲಿಯೂ ಸುಮ್ಮನಿರಲಾಗಲಿಲ್ಲ, ಅತ್ತೆಯ ಕೋಣೆಗೆ ಇಣುಕುತ್ತಲೇ ಇದ್ದೆ.

"ಒಳಗೆ ಬಾ, ಇಲ್ಲಾ ಬಾಗಿಲು ಹಾಕು. ಇನ್ನೂ ಉಸಿರಾಡ್ತಾ ಇದ್ದೀನಿ," ಎಂದರು ಅತ್ತೆ. ಮೇಡಂ ಬೈದದ್ದನ್ನು ಹೇಳಿದೆ. ಕೆಮ್ಮು ಬರುವವರೆಗೂ ನಕ್ಕರು. "ಪಾಪ, ಅದಕ್ಕೂ ನಿನ್ನ ಕಾಟ ತಪ್ಪಿಲ್ಲ."

ಸೋಮವಾರ ತಟ್ಟೆ ತೆಗೆದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಹನಿಯ ತುಂಬ ಗಾಜಿನ ಮಣಿಗಳಂಥ ಉಂಡೆಗಳು. ಒಳಗೆ ಟೊಳ್ಳು, ಸುತ್ತ ಜೀವಕೋಶಗಳ ಗೋಡೆ, ಗೋಡೆಯಿಂದ ಹೊರಟ ಪುಟ್ಟ ಮೊಗ್ಗುಗಳು. ಸೊಟ್ಟಸೊಟ್ಟಾಗಿ, ಆದರೂ ಕರುಳು ಕಟ್ಟುವ ರೀತಿಯಲ್ಲೇ ಕಟ್ಟಿಕೊಂಡಿದ್ದವು. ದೇಹದಿಂದ ಕಿತ್ತು ತಂದಿದ್ದೇವೆ, ಹೇಳಿಕೊಡುವವರು ಯಾರೂ ಇಲ್ಲ. ಇಷ್ಟು ಕೆಟ್ಟ ಮೇಲೂ ತಾನು ಎಲ್ಲಿಯದು ಎಂಬುದನ್ನು ಅದು ಮರೆತಿರಲಿಲ್ಲ. ವರ್ಷಗಟ್ಟಲೆ ಇದನ್ನೇ ನೋಡುತ್ತಾ ಬಂದವಳು ನಾನು. ಅವತ್ತು ಮಾತ್ರ ಮೈ ಜುಮ್ಮೆಂದಿತು. ಅದನ್ನು ದ್ವೇಷಿಸುತ್ತಲೇ ಭೇಷ್ ಎಂದೆ.

ಉಂಡೆಗಳನ್ನು ಸಾಲುಸಾಲಾಗಿ ಹಂಚಿ, ಸಾಲಿಗೊಂದರಂತೆ ಔಷಧಿ ಹಾಕಿದಾಗ ಹೆಚ್ಚಿನ ಸಾಲುಗಳು ಜಗ್ಗಲಿಲ್ಲ. ಒಂದು ಸಾಲು ಮಾತ್ರ ಪೂರ್ತಿ ಕುಸಿದುಬಿದ್ದಿದೆ ಎಂದು ಫಲಿತಾಂಶ ಓದಿದವರು ಹೇಳಿದರು. ಅದು ಬೇರೆ ಅಂಗದ ಕ್ಯಾನ್ಸರ್‌ಗೆ ಕೊಡುವ ಮಾತ್ರೆ. ಡಾಕ್ಟರು ತಮ್ಮವರ ಜೊತೆ ಚರ್ಚೆ ಮಾಡಿ, ಅದನ್ನೇ ಅತ್ತೆಗೆ ಶುರು ಮಾಡಿದರು. ಮುಂದಿನ ಸ್ಕ್ಯಾನ್ ಬಂದಾಗ ಗಂಟು ಅರ್ಧಕ್ಕಿಂತ ಕಡಿಮೆಯಾಗಿತ್ತು. ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ತಟ್ಟೆಯಲ್ಲಿರುವುದನ್ನು ನೋಡಬೇಕು ಎಂದು ಅತ್ತೆ ಹಟ ಹಿಡಿದರು. ಮೇಡಂ ಒಪ್ಪಿದರು. ಮೊದಲು ಕುಸಿದ ಸಾಲಿನ ಫೋಟೋ ತೋರಿಸಿದೆ.

"ಹೊಲಿಗೆ ಬಿಚ್ಚಿದ ಹಾಗಿದೆ," ಎಂದರು.

ಆಮೇಲೆ ಔಷಧಿ ಹಾಕದೆ ಉಳಿಸಿದ್ದ ತಟ್ಟೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟೆ. ಅತ್ತೆ ಬಗ್ಗಿದವರು ಬಹಳ ಹೊತ್ತು ತಲೆ ಎತ್ತಲಿಲ್ಲ.

"ಇದು ನಾನೇನಾ?"

"ನಿಮ್ಮದೇ ಅತ್ತೆ."

"ಎಷ್ಟು ಚೆನ್ನಾಗಿದೆಯಲ್ಲೇ, ಹಾಳಾದ್ದು." ಬಗ್ಗಿದ ಹಾಗೇ ಕೇಳಿದರು. "ಇನ್ನು ಇದನ್ನ ಎಸೀತೀರಾ?"

"ನೀವು ಒಪ್ಪಿದ್ರೆ ಇಟ್ಕೋತೀವಿ. ಇಂಥದೇ ಗಂಟು ಇರೋ ಬೇರೆಯವರಿಗೆ ಔಷಧಿ ಹುಡುಕೋಕೆ ಬೇಕಾಗುತ್ತೆ."

"ಅಂದ್ರೆ ನಾನು ಹೋದ ಮೇಲೂ ಇದು ಇರುತ್ತಾ?"

"ಇರುತ್ತೆ," ಎಂದೆ.

ಅತ್ತೆ ತಲೆ ಎತ್ತಿದರು. ತಟ್ಟೆಯನ್ನೂ ಪೆಟ್ಟಿಗೆಯನ್ನೂ ನೋಡಿದರು.

"ಮತ್ತೇನು ನೋಡ್ತಾ ನಿಂತೆ? ಒಳಗಿಟ್ಟು ಬಾಗಿಲು ಹಾಕು. ಚಳಿ ಆಗುತ್ತೆ ಅದಕ್ಕೆ."