ಒಂಬತ್ತು ಲೀಟರು

ಟೈಲರಮ್ಮನಿಗೆ ಅಳೆಯದೆ ಬಿಟ್ಟ ವಸ್ತು ಎಂದರೆ ಸೇರದು. ಅಂಥವಳಿಗೆ ನೀರಿನ ಮೀಟರು ಓದುವುದನ್ನು ಗಂಡ ಕಲಿಸಿದ್ದು ಮಂಗನಿಗೆ ಹೆಂಡ ಕುಡಿಸಿದ ಹಾಗಾಯಿತು. ಕಪ್ಪು ಅಂಕಿ ಸಾವಿರ ಲೀಟರಿನ ಲೆಕ್ಕ, ಕೆಂಪು ಅಂಕಿ ಅದಕ್ಕೂ ಕಡಿಮೆಯದು, ನಡುವಿನ ಪುಟ್ಟ ಚಕ್ರ ನೀರು ಹರಿದಾಗಲೆಲ್ಲ ತಿರುಗುವುದು. ಅಷ್ಟೇ ಪಾಠ.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮೆಟ್ಟಿಲ ಕೆಳಗೆ ಬಗ್ಗಿ ಓದಿ, ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದಲ್ಲೇ ಗೋಡೆಗೆ ಬರೆದಳು. ಗಂಡ, ಅತ್ತೆ, ತಾನು, ಮೂರೇ ಜನಕ್ಕೆ ದಿನಕ್ಕೆ ಆರುನೂರು ಲೀಟರು! ನಲ್ಲಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿದರೂ ಆ ಚಕ್ರ ಮೆಲ್ಲಗೆ ತಿರುಗುತ್ತಲೇ ಇತ್ತು. ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಂದು ತೋಳು ಹೊಲಿದು ಓಡುವುದು, ಒಂದು ಕಾಜ ಹಾಕಿ ಮತ್ತೆ ಓಡುವುದು. ಗಿರಾಕಿಯೊಬ್ಬನ ಅಂಗಿಗೆ ಎರಡೂ ಎಡತೋಳೇ ಬಿದ್ದವು.

ಊಟದ ಹೊತ್ತಿಗೆ ವಿಚಾರಣೆ.

"ಒಂದ್ಸಲ ಫ್ಲಶ್ ಮಾಡಿದ್ರೆ ಒಂಬತ್ತು ಲೀಟ್ರು. ಅತ್ತೆ, ನೀವು ದಿನಕ್ಕೆ ಏಳು ಸಲ ಹೋಗ್ತೀರಿ."

"ಅದನ್ನೂ ಎಣಿಸ್ತೀಯಾ ಮಾರಾಯ್ತಿ!" ಎಂದು ಗಂಡ ನಕ್ಕ.

ಅತ್ತೆಯೂ ನಕ್ಕರು. ನಗುತ್ತಲೇ ಕೈಯಲ್ಲಿದ್ದ ನೀರಿನ ಲೋಟವನ್ನು ಕುಡಿಯದೆ ಕೆಳಗಿಟ್ಟರು.

ಗೋಡೆಯ ಮೇಲಿನ ಅಂಕಿ ಇಳಿಯತೊಡಗಿತು. ವಾರ ಕಳೆಯುವಷ್ಟರಲ್ಲಿ ಐನೂರೈವತ್ತು. ಟೈಲರಮ್ಮ ಹಿರಿಹಿರಿ ಹಿಗ್ಗಿದಳು, ಆದರೆ ಹಾಳು ಚಕ್ರ ನಿಲ್ಲಲಿಲ್ಲ, ಅವಳ ಓಡಾಟವೂ ನಿಲ್ಲಲಿಲ್ಲ.

ಎಂಟನೆಯ ದಿನ ಮಧ್ಯಾಹ್ನ, ಯಾವುದೋ ಗಿರಾಕಿ ಹೇಳಿಕೊಟ್ಟಂತೆ, ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಫ್ಲಶ್ ಟ್ಯಾಂಕಿಗೆ ಸುರಿದು ಕಾದಳು. ಅರ್ಧ ಗಂಟೆಗೆ, ಯಾರೂ ಒತ್ತದಿದ್ದರೂ, ಕೆಳಗಿನ ಬಿಳಿ ಪಿಂಗಾಣಿಯ ಮೇಲೆ ನೀಲಿ ಗೆರೆ ಇಳಿಯಿತು. ಒಳಗಿನ ರಬ್ಬರು ಸವೆದು ಟ್ಯಾಂಕು ಸದ್ದಿಲ್ಲದೆ ಸೋರುತ್ತಿತ್ತು. ಕಳ್ಳ ಸಿಕ್ಕಿಬಿದ್ದ!

"ಅತ್ತೆ, ನೀವಲ್ಲ, ಟ್ಯಾಂಕು!" ಎಂದು ಕೂಗುತ್ತ ಓಡಿಬಂದರೆ, ಅತ್ತೆ ಮಂಚದ ಪಕ್ಕ ನೆಲಕ್ಕೆ ಕುಸಿದಿದ್ದರು. ತುಟಿ ಒಡೆದು, ನಾಲಿಗೆ ಒಣಗಿ ಹೋಗಿತ್ತು.

"ಕುಡಿದ್ರೆ ಹೋಗ್ಬೇಕಾಗುತ್ತಲ್ಲಮ್ಮ," ಎಂದು ಪಿಸುಗುಟ್ಟಿದರು. "ಒಂಬತ್ತು ಲೀಟ್ರು."

ಟೈಲರಮ್ಮನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು.

ಪಕ್ಕದ ಬೀದಿಯ ಡಾಕ್ಟರು ಬಂದು ನೋಡಿ, "ಗುಟುಕು ಗುಟುಕಾಗಿ ಕುಡಿಸ್ತಾ ಇರಿ. ಸಂಜೆ ಆರರೊಳಗೆ ಮೂತ್ರ ಆಯ್ತೋ, ಸರಿ. ಇಲ್ಲಾಂದ್ರೆ ಕಿಡ್ನಿಗೆ ಏಟು ಬೀಳುತ್ತೆ, ಆಸ್ಪತ್ರೆಗೆ ಸೇರಿಸ್ಬೇಕು," ಎಂದು ಹೇಳಿ ಹೋದರು.

ನಾಲ್ಕಾಯಿತು. ಐದಾಯಿತು. ಕುಡಿಸುವುದು, ಗಡಿಯಾರ ನೋಡುವುದು, ಮತ್ತೆ ಕುಡಿಸುವುದು. ಐದೂ ಮುಕ್ಕಾಲಿಗೆ ಅತ್ತೆ ಗೋಡೆ ಹಿಡಿದು ಎದ್ದರು. ತೋಳು ಹಿಡಿದು ಒಳಗೆ ಕೂರಿಸಿ, ಬಾಗಿಲು ಓರೆಮಾಡಿ ಅವಳು ಹೊರಗೆ ನಿಂತಳು. ತುಂಬ ಹೊತ್ತು ಏನೂ ಕೇಳಿಸಲಿಲ್ಲ.

"ಆಯ್ತಮ್ಮ," ಎಂದರು ಅತ್ತೆ ಒಳಗಿನಿಂದ. "ಒಂದು ಮಗ್ ಹಾಕಿದ್ರೆ ಸಾಕಲ್ವಾ? ಫ್ಲಶ್ ಬೇಡ ತಾನೇ?"

"ಒತ್ತಿ ಅತ್ತೆ," ಎಂದಳು, ಅಳು ತಡೆಯಲಾಗದೆ. "ಪೂರ್ತಿ ಒತ್ತಿ."

ನೀಲಿ ನೀರು ಭೋರೆಂದು ಸುರಿಯಿತು. ಮೆಟ್ಟಿಲ ಕೆಳಗೆ ಚಕ್ರ ಗಿರಗಿರ ತಿರುಗುತ್ತಿದ್ದಿರಬೇಕು. ಅವಳು ನೋಡಲು ಹೋಗಲಿಲ್ಲ.