ಏಕಾದಶಿಯ ರೇಡಿಯೊ

ಶಿಡ್ಲಘಟ್ಟದಲ್ಲಿ ನಾನು ನೂಲು ಬಿಚ್ಚುತ್ತಿದ್ದ ಕಡೆ ಚನ್ನಕೇಶವಯ್ಯ ಸಾಹುಕಾರರು ತಾವೇ ನಿಂತು ರೇಷ್ಮೆಗೂಡು ಬೇಯಿಸುತ್ತಿದ್ದರು. ಏಕಾದಶಿಯಂದು ಮಾತ್ರ ಮುಟ್ಟುತ್ತಿರಲಿಲ್ಲ. ಒಳಗಿನ ಹುಳು ಸಾಯುತ್ತದಲ್ಲ, ಪಾಪ.

"ನಿಮ್ಮೋರಿಗೆ ಏಕಾದಶಿ ಇಲ್ವಲ್ಲಮ್ಮ, ನೀನು ಹಾಕು" ಎಂದು ನನ್ನ ಜೊತೆ ಕೆಲಸಕ್ಕಿದ್ದ ವಜೀರುನ್ನೀಸಾಗೆ ಹೇಳುತ್ತಿದ್ದರು.

ಅವಳು ಪ್ರತಿ ಬುಟ್ಟಿಗೂ ಅಲ್ಲಾನಲ್ಲಿ ಕ್ಷಮೆ ಕೇಳಿಯೇ ಗೂಡನ್ನು ಕುದಿನೀರಿಗೆ ಸುರಿಯುತ್ತಿದ್ದಳು. ಪಕ್ಕದಲ್ಲಿದ್ದ ನನಗಷ್ಟೇ ಅದು ಕೇಳಿಸುತ್ತಿತ್ತು.

ಒಂದು ಏಕಾದಶಿಯಂದು ಸಾಹುಕಾರರ ಹೊಸ ರೇಡಿಯೊದಲ್ಲಿ, ಹುಳುವಿನಲ್ಲೂ ದೇವರಿದ್ದಾನೆ ಎನ್ನುವ ಸಿನಿಮಾ ಹಾಡು ಬಂತು. ಸಾಹುಕಾರರು ದನಿ ಜೋರು ಮಾಡಿ ಕಣ್ಮುಚ್ಚಿ ಕೈಮುಗಿದರು. ಅವರ ಕೆನ್ನೆ ಒದ್ದೆಯಾಯಿತು. ವಜೀರುನ್ನೀಸಾ ಬುಟ್ಟಿ ಹಿಡಿದು ನಿಂತೇಬಿಟ್ಟಳು.

ಸಾಹುಕಾರರು ಒಂದು ಕಣ್ಣು ತೆರೆದರು. "ನೀರು ಆರೋಗ್ತದೆ, ಹಾಕಮ್ಮ."

ಹಾಕಿದಳು. ಎಳೆ ಹುಡುಕಲು ನಾನು ಆ ನೀರಿಗೆ ಕೈಯಿಟ್ಟೆ. ನನ್ನ ಬೆರಳಿಗೆ ಬಿಸಿ ಗೊತ್ತಾಗುವುದು ಎಂದೋ ನಿಂತಿತ್ತು.