ಯಾರೂ ಹೋಗುವುದಿಲ್ಲ

ಕರಾವಳಿಯಿಂದ ಬಂದು ಲಂಡನ್ನಿನ ಹ್ಯಾರೋದಲ್ಲಿ ನೆಲೆಸಿದ್ದ ಜೆರಾಲ್ಡ್ ತಮ್ಮ ಗ್ಯಾರೇಜನ್ನು ಮಗ ಲಿಯೋನನಿಗೆ ಬಿಟ್ಟುಕೊಟ್ಟು ಕಾರನ್ನು ರಸ್ತೆಯಲ್ಲಿ ನಿಲ್ಲಿಸತೊಡಗಿದ ವರ್ಷವೇ ‘ರಾಂಗ್ ಕ್ಯೂ’ ಎಂಬ ಬ್ಯಾಂಡ್ ಹುಟ್ಟಿದ್ದು. ವಿಮಾನ ನಿಲ್ದಾಣದಲ್ಲಿ ತಪ್ಪು ಸಾಲಿನಲ್ಲಿ ನಿಂತವರ ಬ್ಯಾಂಡ್ ಅದು ಎಂದು ಲಿಯೋನ್ ಹೇಳಿಕೊಳ್ಳುತ್ತಿದ್ದ. ಅವನು ಹಾಡುತ್ತಿದ್ದ, ಗಿಟಾರ್ ಹಿಡಿಯುತ್ತಿದ್ದ. ಡ್ರಮ್ಸಿಗೆ, ಮಗುವಾಗಿದ್ದಾಗಲೇ ಬೆಂಗಳೂರಿನಿಂದ ಬಂದ ನಚಿಕೇತ. ಬೇಸ್ ಗಿಟಾರ್ ಗೌತಮಿಯದು. ನಿಜ ಹೇಳಬೇಕೆಂದರೆ ಆ ಸಾಲಿನಲ್ಲಿ ನಿಲ್ಲಬೇಕಾಗಿದ್ದವಳು ಅವಳೊಬ್ಬಳೇ. ಉಳಿದಿಬ್ಬರ ಕಿಸೆಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಇತ್ತು.

ಗೌತಮಿ ಧಾರವಾಡದವಳು. ಕೆಲಸದ ವೀಸಾ ಹಿಡಿದು ಬಂದು, ಅಕ್ಸ್‌ಬ್ರಿಡ್ಜಿನ ಒಂದು ಕಂಪನಿಯಲ್ಲಿ ದುಡಿಯುತ್ತ, ಕೊಲಿಂಡೇಲಿನ ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದಳು. ವಾರವಿಡೀ ಕಂಪ್ಯೂಟರಿನ ಮುಂದೆ ಬಾಯಿ ಮುಚ್ಚಿಕೊಂಡಿರುತ್ತಿದ್ದವಳಿಗೆ ಶನಿವಾರ ಆ ಗ್ಯಾರೇಜಿನ ಬಾಗಿಲು ಎಳೆದುಕೊಂಡ ಮೇಲೆಯೇ ಉಸಿರು ಬರುತ್ತಿತ್ತು. ಬಾಡಿಗೆ ಏರಿಸುವ ಮಾಲೀಕರು, ವಲಸಿಗರನ್ನು ಬೈದು ಓಟು ಕೇಳುವ ನಾಯಕರು, ನಸುಕಿನಲ್ಲಿ ಬಾಗಿಲು ಬಡಿಯುವ ಅಧಿಕಾರಿಗಳು, ಯಾರನ್ನೂ ಅವರ ಹಾಡುಗಳು ಬಿಡುತ್ತಿರಲಿಲ್ಲ. ಮೆರವಣಿಗೆ ಎಲ್ಲೇ ನಡೆಯಲಿ, ಲಾರಿಯ ಹಿಂಭಾಗ ಹತ್ತಿ ನುಡಿಸುತ್ತಿದ್ದರು. ಕೇಳುವವರು ಮಾತ್ರ ಕೈಬೆರಳೆಣಿಕೆ.

ಅವಳ ಕೆಳಗಿನ ಮಹಡಿಯಲ್ಲಿ ಮುದುಕರ ಆರೈಕೆ ಮಾಡುವ ಕೆಲಸದ ಹೆಂಗಸೊಬ್ಬಳಿದ್ದಳು. ವೀಸಾ ರದ್ದಾಯಿತೆಂದು ಅವಳು ಎರಡು ಮಕ್ಕಳನ್ನು ಕಟ್ಟಿಕೊಂಡು ಹೊರಟುಹೋದ ವಾರ ಗೌತಮಿ ಒಂದು ಹಾಡು ಬರೆದಳು. ಪಲ್ಲವಿ ಸರಳವಾಗಿತ್ತು: ಈ ಬೀದಿಯಿಂದ ಯಾರೂ ಹೋಗುವುದಿಲ್ಲ. ಇಂಗ್ಲಿಷಿನಲ್ಲಿ ಅದು ಕೆಲವೇ ಪದ. ಲಿಯೋನ್ ಅದನ್ನು ಹಾಡಿದಾಗ, ತಿಂಡಿಯ ತಟ್ಟೆ ಹಿಡಿದು ಬಂದ ಅವನ ಅಮ್ಮ ಎಮಿಲ್ಡಾ ಬಾಗಿಲಲ್ಲೇ ನಿಂತುಬಿಟ್ಟರು.

ಆ ಹಾಡನ್ನೇ ಮೊದಲಿಗಿಟ್ಟು ಅವರು ಆಲ್ಬಂ ತಂದರು. ಸಣ್ಣದೊಂದು ಕಂಪನಿ ಅದನ್ನು ಬಿಡುಗಡೆ ಮಾಡಿತು. ಮೊದಲ ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಒಬ್ಬ ಸಂಸದ ಟೀವಿಯಲ್ಲಿ, ‘ಇಷ್ಟವಿಲ್ಲದಿದ್ದರೆ ಹೋಗಲಿ, ಯಾರು ಹಿಡಿದುಕೊಂಡಿದ್ದಾರೆ’ ಎಂದು ಆ ಹಾಡನ್ನು ಹಳಿದ. ಅಷ್ಟು ಸಾಕಾಯಿತು. ಶಾಲೆಯ ಮಕ್ಕಳಿಂದ ನರ್ಸುಗಳವರೆಗೆ ಎಲ್ಲರೂ ಹಾಡತೊಡಗಿದರು. ರೇಡಿಯೋದವರು ಫೋನ್ ಮಾಡಿದರು. ಆಲ್ಬಂ ಪಟ್ಟಿಯಲ್ಲಿ ಮೇಲೇರುತ್ತಲೇ ಹೋಯಿತು.

ಅದೇ ತಿಂಗಳು ಗೌತಮಿಯ ಮ್ಯಾನೇಜರ್ ಅವಳನ್ನು ಚಿಕ್ಕ ಕೋಣೆಗೆ ಕರೆದು, ಅವಳ ತಂಡವನ್ನೇ ಮುಚ್ಚುತ್ತಿದ್ದೇವೆ ಎಂದ. ತುಂಬ ಮೆಲ್ಲಗೆ, ಸಭ್ಯವಾಗಿ ಹೇಳಿದ. ಹಾಡಿನ ಮಾತು ಎತ್ತಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇತ್ತೋ ಇಲ್ಲವೋ ಅವಳಿಗೆ ಕೊನೆಗೂ ತಿಳಿಯಲಿಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ಗೊತ್ತಾಗದೆ, ಮೆಟ್ರೋಪಾಲಿಟನ್ ಲೈನಿನ ರೈಲಿನಲ್ಲಿ ಇಳಿಯುವ ಸ್ಟೇಷನ್ ದಾಟಿಹೋಗಿ ಕುಳಿತೇ ಇದ್ದಳು.

ವಕೀಲೆ ಶೋಭಾ ಬೆಂಗಳೂರಿನವರು. ಹ್ಯಾರೋದಲ್ಲಿ ಕಿರಾಣಿ ಅಂಗಡಿಯ ಮೇಲೆ ಅವರ ಆಫೀಸು. ಗೌತಮಿಯ ಜೊತೆ ಲಿಯೋನೂ ಹೋಗಿದ್ದ.

“ಕೆಲಸ ಹೋದ್ಮೇಲೆ ಈ ವೀಸಾಗೆ ಎರಡು ತಿಂಗಳು ಟೈಮ್ ಇರತ್ತೆ ಗೌತಮಿ. ಅಷ್ಟರಲ್ಲಿ ವೀಸಾ ಕೊಡೋ ಕಂಪನಿ ಸಿಗಬೇಕು. ಅದಕ್ಕೆ ಬೇಕಾದ ಕನಿಷ್ಠ ಸಂಬಳ ಬೇರೆ ಏರಿಸಿಬಿಟ್ಟಿದ್ದಾರೆ.”

“ಬ್ಯಾಂಡಿನ ಮ್ಯಾಲೇ ವೀಸಾ ಸಿಗಂಗಿಲ್ಲೇನ್ರಿ?”

“ಅದು ಬೇರೇನೇ ದಾರಿ. ಈ ಎರಡು ತಿಂಗಳಲ್ಲಿ ಆಗೋದಲ್ಲ. ಅಲ್ಲೀವರೆಗೆ ಸ್ಟೇಜ್ ಹತ್ತಬೇಡಿ. ಈಗ ನೀವು ನುಡಿಸಿದ್ರೆ ಅದನ್ನ ಕೆಲಸ ಅಂತಾರೆ. ನಾಳೆ ಮತ್ತೆ ಬರೋಕೆ ಅದೇ ಅಡ್ಡ ಬರತ್ತೆ.”

ಲಿಯೋನ್ ಇಂಗ್ಲಿಷಿನಲ್ಲಿ ಕೇಳಿದ, ಟೀವಿಗೆ ಹೋಗಿ ಹೇಳಿದರೆ ಹೇಗೆ, ಇಡೀ ದೇಶ ಅವಳ ಹಾಡು ಹಾಡುತ್ತಿದೆಯಲ್ಲ ಎಂದು. ಶೋಭಾ, “ಹೇಳಿ. ಜನ ಅಳ್ತಾರೆ. ಅರ್ಜಿ ನೋಡೋನು ಮಾತ್ರ ಸಂಬಳ ಎಷ್ಟು ಅಂತ ನೋಡ್ತಾನೆ ಅಷ್ಟೇ,” ಎಂದರು.

ಗೌತಮಿ ಟೀವಿ ಬೇಡವೆಂದಳು. ಆ ಸಂಸದ ಅವಳ ಮುಖವನ್ನು ಪರದೆಯ ಮೇಲೆ ತೋರಿಸಿ ಮಾತಾಡುವುದನ್ನು, ಅದನ್ನು ಧಾರವಾಡದಲ್ಲಿ ಅವ್ವ ನೋಡುವುದನ್ನು ಅವಳು ನೆನೆಸಿಕೊಳ್ಳಲಾರದೆ ಹೋದಳು. ನನ್ನ ಹೆಸರು ಎಲ್ಲೂ ಎತ್ತಬೇಡಿ ಎಂದು ಲಿಯೋನ್, ನಚಿಕೇತ ಇಬ್ಬರ ಹತ್ತಿರವೂ ಮಾತು ತೆಗೆದುಕೊಂಡಳು. ಆಮೇಲೆ ಅರ್ಜಿಯ ಮೇಲೆ ಅರ್ಜಿ ಹಾಕಿದಳು. ಇಂಟರ್ವ್ಯೂ ಚೆನ್ನಾಗಿಯೇ ಆಗುತ್ತಿತ್ತು. ವೀಸಾ ಬೇಕೆಂದ ಕೂಡಲೇ ಆ ಕಡೆಯ ದನಿ ತಣ್ಣಗಾಗುತ್ತಿತ್ತು.

ಒಂದು ದಿನ ಲಿಯೋನ್ ಗ್ಯಾರೇಜಿನಲ್ಲಿ, ತಂತಿ ಬಿಗಿ ಮಾಡುತ್ತ, ತಲೆ ಎತ್ತದೆ, “ನಾವು ಮದುವೆಯಾಗಿಬಿಡೋಣ,” ಎಂದ. ನಚಿಕೇತ ಎದ್ದು ಹೊರಗೆ ಹೋದ. ಲಿಯೋನನಿಗೆ ತನ್ನ ಮೇಲೆ ಅಂಥ ಆಸೆಯೇನೂ ಇಲ್ಲವೆಂದು ಗೌತಮಿಗೆ ಗೊತ್ತಿತ್ತು, ತನಗೂ ಇರಲಿಲ್ಲ. ಅವಳು ಅಡುಗೆಮನೆಗೆ ನೀರು ಕುಡಿಯಲು ಹೋದರೆ ಎಮಿಲ್ಡಾ ಅಲ್ಲಿದ್ದರು. ಅವರಿಗೆ ಕೇಳಿಸಿತ್ತು.

“ನಿನಗೆ ಅವನು ಬೇಕಾದ್ರೆ ನಾಳೆಯೇ ಬಾ ಮಗಾ, ನನಗೆ ಎಂತ ತೊಂದರೆಯೂ ಇಲ್ಲ. ಜಾತಿ, ಧರ್ಮ ಎಲ್ಲ ನಾನು ನೋಡುದಿಲ್ಲ,” ಎಂದರು. ಕೈ ಒರೆಸಿಕೊಂಡರು. “ಆದ್ರೆ ಕಾಗದಕ್ಕೆ ಬೇಕಾಗಿ ಮಾಡಿದ್ರೆ ವೀಸಾದವರು ಮನೆಗೆ ಬಂದು ಹಾಸಿಗೆ ನೋಡ್ತಾರೆ ಅಂತ ಹೇಳ್ತಾರಲ್ಲ. ಅದು ನನಗೆ ಹೆದರಿಕೆ.”

“ಇಲ್ರಿ ಆಂಟಿ. ಸುಳ್ಳ್ ಹೇಳಿ ಇದ್ರ ಆ ಹಾಡು ಹೆಂಗ ಹಾಡ್ಲಿ?”

“ನಾವು ಬರುವಾಗ ಇಷ್ಟು ಕಷ್ಟ ಇರ್ಲಿಲ್ಲ ಮಾರಾಯ್ತಿ,” ಎಂದು ಎಮಿಲ್ಡಾ ಅವಳ ತಲೆ ನೇವರಿಸಿದರು. ನೇವರಿಸಿದ ಕೈಯನ್ನು ಏನು ಮಾಡುವುದೆಂದು ತೋಚದೆ, ಮತ್ತೆ ಅನ್ನದ ಪಾತ್ರೆಯ ಮುಚ್ಚಳ ತೆಗೆದು ನೋಡಿದರು. ಅನ್ನ ಬೆಂದು ಬಹಳ ಹೊತ್ತಾಗಿತ್ತು.

ಬ್ಯಾಂಡಿನ ದೊಡ್ಡ ಕಾರ್ಯಕ್ರಮದ ದಿನ ಬಂತು. ಉತ್ತರ ಲಂಡನ್ನಿನ ಹಳೆಯ ಥಿಯೇಟರು, ಟಿಕೆಟ್ಟೆಲ್ಲ ಮುಗಿದಿತ್ತು. ಗೌತಮಿಯ ಜಾಗದಲ್ಲಿ ಒಬ್ಬ ಬಾಡಿಗೆಯ ವಾದಕ ನಿಂತಿದ್ದ. ಒಳ್ಳೆಯ ವಾದಕನೇ. ಅವಳು ಯಾವಾಗಲೂ ಒಂಚೂರು ತಡೆದು ಇಡುತ್ತಿದ್ದ ಸ್ವರವನ್ನು ಅವನು ಸರಿಯಾದ ಸಮಯಕ್ಕೆ ಇಟ್ಟ, ಅದು ಅವಳ ಎದೆಗೆ ಚುಚ್ಚಿತು. ಗುಂಪಿನ ನಡುವೆ ನಿಂತವಳ ಎಡಗೈ ಬೆರಳುಗಳು ಕೋಟಿನ ಅಂಚಿನ ಮೇಲೆ ತಾವಾಗಿಯೇ ಓಡಾಡುತ್ತಿದ್ದವು.

ಆ ಹಾಡು ಬಂದಾಗ ಲಿಯೋನ್ ಪಲ್ಲವಿಯಲ್ಲಿ ದನಿ ನಿಲ್ಲಿಸಿದ. ಥಿಯೇಟರಿನ ಜನವೆಲ್ಲ ತೋಳು ಎತ್ತಿ ಹಾಡಿತು: ಯಾರೂ ಹೋಗುವುದಿಲ್ಲ, ಯಾರೂ ಹೋಗುವುದಿಲ್ಲ. ನೆಲ ನಡುಗಿತು. ಅವನು ಮೈಕಿನ ಹತ್ತಿರ ಬಾಯಿ ತಂದ. ಹೆಸರು ಹೇಳಿಯೇಬಿಡುತ್ತಾನೆ ಎಂದು ಗೌತಮಿ ಹೆದರಿದಳು. ಅವನು ಹೇಳಲಿಲ್ಲ, ಕೊಟ್ಟ ಮಾತಿಗೆ ನಿಂತ. ಆಗ ಅವಳಿಗೆ, ಹೇಳಿದ್ದರೆ ಚೆನ್ನಾಗಿತ್ತು ಎನ್ನಿಸಿ ಅಳು ಬಂತು. ಪಕ್ಕದ ಹುಡುಗಿಯೂ ಅಳುತ್ತಿದ್ದಳು. ಇವಳ ಹೆಗಲ ಮೇಲೆ ಕೈ ಹಾಕಿಕೊಂಡು, ಅದ್ಭುತ ಅಲ್ವಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೌದು ಎಂದಳು ಗೌತಮಿ.

ಕೆಲಸ ಸಿಗಲಿಲ್ಲ. ಹೊರಡುವ ದಿನ ಜೆರಾಲ್ಡ್ ಕಾರು ಓಡಿಸಿದರು. ಎಮಿಲ್ಡಾ ಮುಂದೆ ಕುಳಿತು, ಮನೆಯಿಂದ ಹೀಥ್ರೋ ವಿಮಾನ ನಿಲ್ದಾಣದ ತನಕ ಕೊಂಕಣಿಯಲ್ಲಿ ಜಪಮಾಲೆ ಹೇಳಿದರು. ಹಿಂದಿನ ಸೀಟಿನಲ್ಲಿ ಲಿಯೋನ್ ಬೇಸ್ ಗಿಟಾರಿನ ಪೆಟ್ಟಿಗೆಯನ್ನು ಮೊಣಕಾಲ ನಡುವೆ ಹಿಡಿದುಕೊಂಡಿದ್ದ. ಅದನ್ನು ಅವಳು ಒಯ್ಯುತ್ತಿದ್ದಳು. ಇಲ್ಲೇ ಇರಲಿ, ಮತ್ತೆ ಬರುತ್ತೀಯಲ್ಲ ಎಂದು ಅವನು ಎಷ್ಟು ಕೇಳಿಕೊಂಡರೂ ಒಪ್ಪಿರಲಿಲ್ಲ.

“ಆ ಹಾಡನ್ನು ಇನ್ನು ಹಾಡುವುದಿಲ್ಲ,” ಎಂದ ಲಿಯೋನ್. “ನಾಚಿಕೆಯಾಗುತ್ತದೆ.”

“ಹಾಡು,” ಎಂದಳು ಗೌತಮಿ, ಅವನಂತೆಯೇ ಇಂಗ್ಲಿಷಿನಲ್ಲಿ. “ನೀನು ಹಾಡದಿದ್ದರೆ ಅದೂ ನನ್ನ ಜೊತೆ ಹೋದ ಹಾಗೆ.”

ಅವನು ಕಿಟಕಿಯ ಕಡೆ ತಿರುಗಿದ.

ಟರ್ಮಿನಲ್ ಮುಂದೆ ಕಾರು ನಿಂತಿತು. ಜೆರಾಲ್ಡ್ ಸೂಟ್‌ಕೇಸು ಇಳಿಸಿದರು. ಎಮಿಲ್ಡಾ ಅವಳ ಹಣೆಯ ಮೇಲೆ ಶಿಲುಬೆ ಬರೆದು ಅಪ್ಪಿಕೊಂಡರು, ಬಿಡಲಿಲ್ಲ. ಆಗ ಹಳದಿ ಜಾಕೆಟಿನ ಒಬ್ಬ ಬಂದು, ಇಲ್ಲಿ ಇಷ್ಟು ಹೊತ್ತು ನಿಲ್ಲುವಂತಿಲ್ಲ, ಹಿಂದೆ ಗಾಡಿಗಳು ಕಾಯುತ್ತಿವೆ ಎಂದ. ಒರಟಾಗಿಯೇನೂ ಹೇಳಲಿಲ್ಲ. ಲಿಯೋನ್ ಅವನ ಮೇಲೆ ರೇಗಲು ಬಾಯಿ ತೆರೆದ. ಮೆರವಣಿಗೆಗಳಲ್ಲಿ ಪೊಲೀಸರಿಗೇ ಜಗ್ಗದವನು ಅವನು. ಆದರೆ ಈಗ ಕಾರಿನ ಬಾಗಿಲು ತೆಗೆದ.

“ಸಾರಿ,” ಎಂದರು ಜೆರಾಲ್ಡ್ ಆ ಮನುಷ್ಯನಿಗೆ. ಮೂವರೂ ಕಾರಿನೊಳಗೆ ಕುಳಿತರು. ಕಾರು ಮುಂದೆ ಸರಿಯಿತು. ಗೌತಮಿ ಒಂದು ಕೈಯಲ್ಲಿ ಸೂಟ್‌ಕೇಸು, ಬೆನ್ನಿಗೆ ಗಿಟಾರು ಹಾಕಿಕೊಂಡು, ಅದು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದು, ಬಾಗಿಲ ಕಡೆ ನಡೆದಳು.